ಏಕಾದಶಿ ಮಾಡುವ ನಾಯಿ

ಇಷ್ಟಕ್ಕೆಲ್ಲ ಕಾರಣ, ಕವಯಿತ್ರಿ ಚೂಡಾಮಣಿಯವರಿಗೆ ಚಂದಿರನ ಮೇಲೆ ಬಂದ ಸಿಟ್ಟು. ಅರವತ್ತರ ದಶಕದ ಜಯನಗರ. ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಅವರು ಪ್ರತಿ ಭಾನುವಾರ ವರಾಂಡದಲ್ಲಿ ಮಕ್ಕಳನ್ನು ಕೂರಿಸಿಕೊಂಡು ಪದ್ಯ ಬರೆಸುತ್ತಿದ್ದರು. ಮಕ್ಕಳೋ, ವಾರವಾರವೂ ಚಂದಿರನನ್ನೇ ಹೊತ್ತು ತರುತ್ತಿದ್ದರು.

"ಸಾಕು ಕಣ್ರೋ ಚಂದಿರ. ನೀವು ಸಾಕಿರೋ ಪ್ರಾಣಿ ಬಗ್ಗೆ ಬರ್ಕೊಂಡು ಬನ್ನಿ. ಕಣ್ಣಾರೆ ಕಂಡಿದ್ದು ಮಾತ್ರ" ಎಂದರು. ಮುಂದಿನ ಭಾನುವಾರ ಮನೆಯವರನ್ನೂ ಕರೆತರಬೇಕೆಂದು ಅಪ್ಪಣೆಯಾಯಿತು.

ಆ ಮಕ್ಕಳಲ್ಲೊಬ್ಬನಾದ ಸೇತುರಾಮನಿಗೆ ಆ ವಾರವೆಲ್ಲ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅವನ ಪ್ರಹ್ಲಾದನಂಥ ನಾಯಿ ಇನ್ನಾರ ಬಳಿ ಇದೆ? ಬೀದಿಯಿಂದ ಬಂದು ಸೇರಿಕೊಂಡ ಆ ಕಂದು ನಾಯಿಯನ್ನು ಅಜ್ಜಿ ಮೊದಲು ಕೋಲು ಹಿಡಿದು ಅಟ್ಟಿದ್ದರು; ಮಡಿ ಹೆಂಗಸು. ಆದರೆ ಏಕಾದಶಿಯ ದಿನ ಅದು ಮುಂದಿಟ್ಟ ಅವಲಕ್ಕಿಯನ್ನು ಮೂಸಿಯೂ ನೋಡಲಿಲ್ಲ. ಮುಂದಿನ ಏಕಾದಶಿಗೂ ಅಷ್ಟೇ. ಹಿಂದಿನ ಜನ್ಮದ ಪುಣ್ಯಾತ್ಮನೇ ಇರಬೇಕೆಂದು ಅಜ್ಜಿ ತಾವೇ ಪ್ರಹ್ಲಾದನೆಂದು ಹೆಸರಿಟ್ಟು, ಬಾಗಿಲ ಬಳಿ ಹಳೇ ಗೋಣಿಚೀಲ ಹಾಸಿಕೊಟ್ಟರು. ಏಕಾದಶಿ ತಪ್ಪಿದರೆ ಗೋಣಿಚೀಲವೂ ತಪ್ಪುತ್ತದೆಂದು ಸೇತುವಿಗೆ ಚೆನ್ನಾಗಿ ಗೊತ್ತಿತ್ತು.

ಭಾನುವಾರ ಬಂತು. ಅಜ್ಜಿ ಮುಂದಿನ ಕುರ್ಚಿಯಲ್ಲಿ ಕುಳಿತರು. ಪ್ರಹ್ಲಾದ ಚಪ್ಪಲಿಗಳ ನಡುವೆ ಮಲಗಿತ್ತು. ಸೇತು ಎದೆಯುಬ್ಬಿಸಿ, ವ್ರತ ಹಿಡಿದ ತನ್ನ ನಾಯಿಯ ಪದ್ಯ ಓದಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಆಮೇಲೆ ಪಕ್ಕದ ಯಡಿಯೂರಿನ ಮುನಿಲಕ್ಷ್ಮಿ ಎದ್ದಳು. ಹೋದ ವಾರವಷ್ಟೇ ಸೇರಿದ್ದ ಹುಡುಗಿ. "ನಮ್ಮ ಪೈಲ್ವಾನ್" ಎಂದು ಅವಳು ಶುರುಮಾಡಿದ್ದೇ ತಡ, ಚಪ್ಪಲಿಗಳ ನಡುವಿನಿಂದ ಪ್ರಹ್ಲಾದ ಧಡಕ್ಕನೆ ಎದ್ದು, ಮೈಯೆಲ್ಲ ಬಾಲವಾಗಿ ಕುಣಿಯುತ್ತ ಹೋಗಿ ಅವಳ ಪಾದದ ಮೇಲೆ ತಲೆಯಿಟ್ಟಿತು.

ಅದರ ಕಿವಿ ಕೆರೆಯುತ್ತಲೇ ಅವಳು ಓದಿದಳು. ಭಾನುವಾರ ಅಪ್ಪ ಬಾಡು ತಂದರೆ ಮೂಳೆಯೆಲ್ಲ ಪೈಲ್ವಾನನಿಗಂತೆ. ಆಗಾಗ ಒಂದೊಂದು ದಿನ ಮಾತ್ರ, ಎಂದೂ ತಿನ್ನದವನ ಹಾಗೆ ಮಧ್ಯಾಹ್ನವೇ ಓಡಿಬಂದು ಮುದ್ದೆ, ಸಾರು ಎಲ್ಲ ಬಳಿದು ಹೋಗುತ್ತಾನಂತೆ. ಆ ದಿನ ಪಾಪದ ಪ್ರಾಣಿಯನ್ನು ಉಪವಾಸ ಕೆಡವುವ ಕಲ್ಲೆದೆಯವರು ಯಾರೋ ಎಂದು ಪದ್ಯ ಕೇಳುತ್ತಿತ್ತು.

"ಸಾಕು ನಿಲ್ಸು" ಎಂದು ಸೇತು ಎದ್ದುನಿಂತ.

ಚೂಡಾಮಣಿ ಅವನ ಕಡೆ ತಿರುಗಿದರು. "ಅವಳು ಬರ್ದಿರೋದು ಸುಳ್ಳಾ, ಸೇತು?"

ಅದು ಬೇರೆ ನಾಯಿ ಎಂದುಬಿಡಲು ಬಾಯಿ ತೆರೆದ. ನಾಯಿ ಅವನನ್ನೂ ನೋಡಿ ಬಾಲ ಅಲ್ಲಾಡಿಸಿತು. ಅವನಿಗೆ ಅಳು ಬಂತು.

"ಸುಳ್ಳಲ್ಲ ಮೇಡಂ. ಆದ್ರೆ ನಾನು ಬರ್ದಿದ್ದೂ ಸುಳ್ಳಲ್ಲ."

ಅಜ್ಜಿ ಕುರ್ಚಿಯಿಂದ ಎದ್ದರು. ಸೇತು ಓಡಿಹೋಗಿ ನಾಯಿಯನ್ನು ಅವುಚಿಕೊಂಡ. ಅಜ್ಜಿ ಅವನನ್ನು ದಾಟಿ ಮುನಿಲಕ್ಷ್ಮಿಯ ಮುಂದೆ ನಿಂತು, ಏಕಾದಶಿಯ ದಿನವೂ ಇವನಿಗೆ ಹೊಟ್ಟೆತುಂಬ ಹಾಕುತ್ತೀಯಾ ಎಂದು ಕೇಳಿದರು. ಅವಳು ಹೆದರಿ ಹೂಂಗುಟ್ಟಿದಳು.

"ಸದ್ಯ, ಬದುಕಿದೆ ಕಣಮ್ಮ" ಎಂದು ಅಜ್ಜಿ ಉಸಿರು ಬಿಟ್ಟರು. "ನನ್ ಜೊತೆ ಈ ಮೂಕಪ್ರಾಣೀನೂ ಹಸ್ಕೊಂಡಿರತ್ತಲ್ಲಾ ಅಂತ ನನಗೆ ನಿದ್ದೇನೇ ಬರ್ತಿರ್ಲಿಲ್ಲ."

ವರಾಂಡಕ್ಕೆ ವರಾಂಡವೇ ನಕ್ಕಿತು. ಮುಂದಿನ ವಾರ ಇಬ್ಬರೂ ಸೇರಿ ಒಂದೇ ಪದ್ಯ ಬರೆಯಬೇಕೆಂದರು ಚೂಡಾಮಣಿ. ನಾಡಿದ್ದು ಏಕಾದಶಿ, ಬೆಳಿಗ್ಗೆಯೇ ಇವನನ್ನು ಯಡಿಯೂರಿಗೆ ಬಿಟ್ಟು ಬಾ ಎಂದು ಮೊಮ್ಮಗನಿಗೆ ತಾಕೀತು ಮಾಡಿ, ಅಜ್ಜಿ ಮೆಟ್ಟಿಲಿಳಿದರು. ಕೆಳಗೆ ನಿಂತು ಹಿಂತಿರುಗಿ ಕರೆದರು.

"ಬಾರೋ ಪೈಲ್ವಾನ್, ಮನೆಗೆ ಹೋಗೋಣ."