ಹೆಬ್ಬೆಟ್ಟು ಮೇಷ್ಟ್ರು

"ತೆಗಿ ಅದನ್ನ. ನಿನ್ನ ಭಾವನಿಗೆ ಸೊಳ್ಳೆಪರದೆ ಹೊದಿಸೋಕೆ ಬಂದಿದ್ದೀಯಾ?"

"ಬಲೆ ಕಣಕ್ಕ. ಹೊಸದು. ನಮ್ಮ ಸಂಘದ ಗೌರವ."

ಮೇಷ್ಟ್ರ ಹೆಂಡತಿ ತಮ್ಮನ ಮುಖ ನೋಡಲಿಲ್ಲ. ಮೀನುಗಾರರ ಸಂಘದ ಅಧ್ಯಕ್ಷನಾದ ಮೇಲೆ ಆ ಮುಖದಲ್ಲಿ ನೋಡುವಂಥದ್ದೇನೂ ಉಳಿದಿರಲಿಲ್ಲ. ಚಟ್ಟದ ಮೇಲಿದ್ದ ಗಂಡನ ಎದೆ ಮುಚ್ಚಿದ್ದ ನೀಲಿ ಬಲೆಯ ಒಂದು ಕಣ್ಣಿಗೆ ತನ್ನ ಹೆಬ್ಬೆರಳು ತೂರಿಸಿದಳು. ಉಗುರಿನ ತುದಿ ಹೋಯಿತು, ಅಷ್ಟೆ.

ಬಾಗಿಲಲ್ಲಿದ್ದ ದೋಣಿಯವರು ತಲೆ ತಗ್ಗಿಸಿದರು. ಆ ಪಾಠ ಅವರಿಗೆಲ್ಲ ಬಾಯಿಪಾಠ. ಹೆಬ್ಬೆರಳು ತೂರದ್ದು ಬಲೆಯಲ್ಲ, ಸೊಳ್ಳೆಪರದೆ. ಅದರಲ್ಲಿ ಮರಿಗಳೂ ಬರುತ್ತವೆ, ನಾಳೆಯ ಮೀನೂ ಇಂದೇ ಬರುತ್ತದೆ ಎಂದು ಮೂವತ್ತು ವರ್ಷ ಶಾಲೆಯಲ್ಲಿ ಹೇಳಿದ್ದು ಸಾಲದೆಂದು, ಭಾನುವಾರ ಬಂದರಿಗೆ ಹೋಗಿ ಕಂಡವರ ಬಲೆಗೆಲ್ಲ ಬೆರಳು ತೂರಿಸಿ ಬೈಸಿಕೊಂಡು ಬರುತ್ತಿದ್ದ ಮನುಷ್ಯ. ಊರಿಗೆಲ್ಲ ಸಹಿ ಹಾಕಲು ಕಲಿಸಿದವರಿಗೆ ಊರು ಇಟ್ಟ ಹೆಸರು ಹೆಬ್ಬೆಟ್ಟು ಮೇಷ್ಟ್ರು. ಈಗ ಈ ಬಲೆ ಹೊದ್ದು ಹೊರಟರೆ ತಮ್ಮ ಪಾಠವನ್ನು ತಾವೇ ಅಳಿಸಿ ಹೋದಂತೆ.

*

ಮದುವೆಯಾದ ವರ್ಷ ಅವಳು ಶಾಲೆಗೆ ಬುತ್ತಿ ಒಯ್ದಾಗ ಕಿಟಕಿಯಲ್ಲಿ ನಿಂತು ನೋಡಿದ್ದಳು. ಬೋಗುಣಿ ತುಂಬ ಅಂಗಿಯ ಗುಂಡಿಗಳು. ಬೋಗುಣಿಯೇ ಕಡಲು, ಗುಂಡಿಯೇ ಮೀನು. ಬೇಕಾದಷ್ಟು ಹಿಡಿಯಿರಿ, ಉಳಿದದ್ದನ್ನು ಸುತ್ತುಸುತ್ತಿಗೂ ಇಮ್ಮಡಿ ಮಾಡುತ್ತೇನೆ ಎಂದರು ಮೇಷ್ಟ್ರು. ಮೊದಲ ಸುತ್ತಿನಲ್ಲೇ ಅವಳ ತಮ್ಮ ಬೋಗುಣಿಯನ್ನೇ ಎತ್ತಿ ಮಡಿಲಿಗೆ ಸುರಿದುಕೊಂಡು ಗೆದ್ದೆ ಎಂದ. ಮೇಷ್ಟ್ರು ಬೈಯಲಿಲ್ಲ. ಎರಡನೇ ಸುತ್ತು ಎಂದರು. ಮೂರನೆಯದು, ನಾಲ್ಕನೆಯದು ಎನ್ನುತ್ತ ಗಂಟೆ ಹೊಡೆಯುವವರೆಗೂ ಖಾಲಿ ಬೋಗುಣಿಗೆ ಎಲ್ಲರ ಕೈ ಹಾಕಿಸಿದರು. ಮೊದಮೊದಲು ಮಕ್ಕಳು ನಕ್ಕರು.

*

"ಎಲ್ಲರೂ ಇಂಥ ಬಲೆಯನ್ನೇ ಬೀಸ್ತಾರಕ್ಕ," ಎಂದ ತಮ್ಮ. "ನಾನು ಬಿಟ್ಟ ಮರಿ ಪಕ್ಕದ ದೋಣಿಗೆ ಬೀಳುತ್ತೆ. ಭಾವನ ಪಾಠದಿಂದ ಒಲೆ ಉರಿಯುತ್ತಾ?"

"ಎರಡನೇ ಸುತ್ತು," ಎಂದಳು ಅವಳು.

ಅವನ ಕಿವಿ ಕೆಂಪಾಯಿತು. ಬಲೆ ತೆಗೆದರೆ ಸಂಘದವರೊಬ್ಬರೂ ಹೆಗಲು ಕೊಡುವುದಿಲ್ಲ ಎಂದ.

"ಬೇಡ. ಬದುಕಿದ್ದಾಗ ಯಾವನು ಕೊಟ್ಟಿದ್ದ?"

ಅವಳೇ ಬಲೆ ಎಳೆದು ಸುತ್ತಿ ಅವನ ಎದೆಗೆ ಒತ್ತಿದಳು. ಅವನು ಹೊರಟ. ದೋಣಿಯವರು ಹಿಂದೆಯೇ ಹೊರಟರು. ಬಲೆಯ ತುದಿ ಹೊಸ್ತಿಲ ಮೊಳೆಗೆ ಸಿಕ್ಕಿ ಹರಿಯಿತು. ಅವನು ತಿರುಗಿ ನೋಡಲಿಲ್ಲ.

ಮೀನು ಮಾರುವ ಹೆಂಗಸರು ಮಂಜುಗಡ್ಡೆಯ ತಳ್ಳುಗಾಡಿ ತಂದು ದೇಹವನ್ನು ಅದರ ಮೇಲೆ ಮಲಗಿಸಿದರು. ಮೇಷ್ಟ್ರಿಗೆ ಸೆಕೆ ಆಗೋದಿಲ್ಲ ಬಿಡಿ ಎಂದು ಒಬ್ಬಾಕೆ ಕಣ್ಣೊರೆಸಿಕೊಂಡಳು.

ಸ್ಮಶಾನದ ದಾರಿಯಲ್ಲಿ ಬಂದರಿನ ಗೋಡೆಯುದ್ದಕ್ಕೂ ಬಲೆಗಳು ಒಣಗುತ್ತಿದ್ದವು. ಅವಳು ಗಾಡಿ ನಿಲ್ಲಿಸಿ ಮೊದಲ ಬಲೆಗೆ ಹೆಬ್ಬೆರಳು ತೂರಿಸಿದಳು. ಹೋಗಲಿಲ್ಲ. ಮುಂದಿನದಕ್ಕೆ ನಡೆದಳು. ಅವಳ ಹಿಂದಿನವಳೂ ಬೆರಳಿಟ್ಟಳು, ಅವಳ ಹಿಂದಿನವಳೂ. ತಮ್ಮನ ದೋಣಿಯ ಮುಂದೆ ಸಾಲು ಬಹಳ ಹೊತ್ತು ನಿಂತಿತು. ಅವನು ಬರಲಿಲ್ಲ. ಅವನು ದೋಣಿಯ ಅಂಚಿಗೆ ಎಸೆದು ಹೋಗಿದ್ದ ನೀಲಿ ಬಲೆಯ ಕಣ್ಣುಕಣ್ಣಿಗೂ ಒಂದೊಂದು ಹೆಬ್ಬೆರಳು ಒತ್ತಿ ನಿಂತಿತ್ತು.