ಯಾಮ್ನಾ ಬಿದ್ದ ಜಾಗಕ್ಕೆ ಬೆಳಕು

೧.

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು? ಚಪ್ಪಾಳೆಯಿಂದ ಶುರು ಮಾಡಿದರೆ ನಾಟಕ ಗೆದ್ದ ಕಥೆಯಾಗುತ್ತದೆ. ಆಂಬುಲೆನ್ಸಿನಿಂದ ಶುರು ಮಾಡಿದರೆ ಆರೋಗ್ಯ ಇಲಾಖೆಯ ಕರಪತ್ರವಾಗುತ್ತದೆ. ಎರಡರ ನಡುವೆ ಸುಮಾರು ಒಂದು ನಿಮಿಷ ಇತ್ತು. ಎಪ್ಪತ್ತು ದಿನವಾದರೂ ಆ ಒಂದು ನಿಮಿಷ ನನಗೆ ಮುಗಿದಿಲ್ಲ. ಓದುಗರೇ, ಇದನ್ನು ಬರೆಯುವಾಗ ನನ್ನ ಕೈ ನಡುಗುತ್ತಿದೆ. (ಕೈ ನಡುಗುವುದು ಈ ಕಥೆಯಲ್ಲಿ ಬೇರೆಯವರ ಹಕ್ಕು. ಆ ವಾಕ್ಯ ಹೊಡೆದುಹಾಕಿ.)

ಮೊದಲು ಯಾರು ಯಾರು ಎಂದು ಹೇಳಿಬಿಡುತ್ತೇನೆ. ಆಧುನಿಕೋತ್ತರ ಎಂದು ಹಣೆಪಟ್ಟಿ ಕಟ್ಟಿಕೊಂಡು ಓದುಗರನ್ನು ಕತ್ತಲಲ್ಲಿ ಕೂರಿಸುವ ಚಟ ನನಗೂ ಇತ್ತು, ಈಗ ಬಿಟ್ಟಿದ್ದೇನೆ. ನಾನು ಮಿಲೂದ್. ಮೆಕ್ನೆಸ್ ಊರಿನ ಒಂದು ಬಡಕಲು ತಂಡದಲ್ಲಿ ನಾಟಕ ಬರೆಯುವವನೂ ನಾನೇ, ಲೈಟ್ ಬಿಡುವವನೂ ನಾನೇ. ಹಮ್ಮಾದಿ ನಿರ್ದೇಶಕ. ಯಾಮ್ನಾ ನಮ್ಮ ನಟಿ, ಗೌರವಕ್ಕೆ ನಾವು 'ಲಲ್ಲಾ', ಅಂದರೆ ಅಮ್ಮಾವ್ರೇ, ಎನ್ನುತ್ತೇವೆ. ಐವತ್ತನಾಲ್ಕು ವರ್ಷ, ಮದುವೆಮನೆಗಳಲ್ಲಿ ಹಾಡಿ ಕುಣಿದು ವೇದಿಕೆಗೆ ಬಂದವಳು, ಓದು ಬರಹ ಬಾರದು, ಮೂವತ್ತು ವರ್ಷದಿಂದ ಕುಡಿಯುತ್ತಾಳೆ. ಬತೂಲ್ ಅವಳ ಮಗಳು. ಇಷ್ಟೇ ಜನ. ನಾನು ಬರೆದ ನಾಟಕದ ವಿಷಯ, ಕುಡಿತ ಬಿಡಲು ಹೆಣಗುವ ಒಬ್ಬ ಹಾಡುಗಾರ್ತಿ. ಪಾತ್ರಕ್ಕೆ ಬೇರೆ ಹೆಸರು ಇಟ್ಟಿದ್ದೆ. ಯಾರೂ ಮೋಸ ಹೋಗಲಿಲ್ಲ.

೨.

ಡ್ರಾಫ್ಟ್ ಒಂದು (ಬಿಸಾಕಿದ್ದು):

"ಸಂಜೆ ಐದು ಗಂಟೆ. ಸಭಾಂಗಣ ಕಿಕ್ಕಿರಿದಿತ್ತು. ಮಹಾನ್ ಕಲಾವಿದೆ ಯಾಮ್ನಾ ವೇದಿಕೆಗೆ ಬಂದಾಗ..."

ಬರೆದದ್ದನ್ನು ಯಾಮ್ನಾಗೆ ಓದಿ ಹೇಳುವುದು ನನ್ನ ಹಳೆಯ ಅಭ್ಯಾಸ. ಅವಳು ಮಾತುಗಳನ್ನು ಕಿವಿಯಿಂದಲೇ ಕಲಿಯುವವಳು. ಅವಳ ಅಡುಗೆಮನೆಯಲ್ಲಿ ಕೂತು ನಾನು ಓದಬೇಕು, ಅವಳು ಬಟಾಣಿ ಸುಲಿಯುತ್ತಾ ಕೇಳಬೇಕು. ಈ ಕಥೆಯನ್ನೂ ಹಾಗೇ ಓದಿದೆ.

"ಕಿಕ್ಕಿರಿದಿತ್ತಾ? ಸುಳ್ಳು ಬೊಗಳ್ಬೇಡ," ಎಂದಳು. "ಹಿಂದಿನ ಐದು ಸಾಲು ಖಾಲಿ ಇತ್ತು. ಪರದೆ ಸಂದಿಯಿಂದ ನಾನೇ ಎಣಿಸಿದೀನಿ."

"ಲಲ್ಲಾ, ಕಥೆಗೆ ಸ್ವಲ್ಪ..."

"ಕಥೆಗೆ ಸ್ವಲ್ಪ ಏನು? ಕುರ್ಚಿ ಬಗ್ಗೆನೇ ನಿನಗೆ ನಿಜ ಹೇಳಕ್ಕಾಗಲ್ಲ. ನನ್ ಬಗ್ಗೆ ಏನ್ ಹೇಳ್ತೀಯ, ಮಣ್ಣು!"

೩.

ನಲವತ್ತು ದಿನದ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ನಮ್ಮಲ್ಲಿ ಕುಡಿಯುವವರು ರಮಝಾನ್‌ಗೆ ನಲವತ್ತು ದಿನ ಇರುವಾಗಲೇ ನಿಲ್ಲಿಸುತ್ತಾರೆ. ಕುಡಿದದ್ದು ಮೈಯಲ್ಲಿ ನಲವತ್ತು ದಿನ ಉಳಿಯುತ್ತದೆ, ಅದಿರುವಾಗ ಹಿಡಿದ ಉಪವಾಸ ಸಲ್ಲುವುದಿಲ್ಲ ಎಂಬ ನಂಬಿಕೆ. ಉಪವಾಸದ ತಿಂಗಳೂ ಸೇರಿದರೆ ಎಪ್ಪತ್ತು ದಿನ. ಹಬ್ಬ ಕಳೆದು ಹೆಂಡದಂಗಡಿ ತೆರೆದ ಬೆಳಿಗ್ಗೆ ಎಲ್ಲರೂ ಹಾಜರ್. ವರ್ಷಕ್ಕೆ ಎಪ್ಪತ್ತು ದಿನ ಬಿಟ್ಟಿರಬಲ್ಲವನು ಕುಡುಕ ಹೇಗಾಗುತ್ತಾನೆ? ಈ ಲೆಕ್ಕದಲ್ಲಿ ನಮ್ಮೂರಿನಲ್ಲಿ ಒಬ್ಬನೇ ಒಬ್ಬ ಕುಡುಕನೂ ಇಲ್ಲ.

ಯಾಮ್ನಾಳೂ ಪ್ರತಿವರ್ಷ ಬಿಡುತ್ತಿದ್ದಳು. ಬಿಟ್ಟ ವಾರ ಅವಳಿಗೆ ತಪ್ಪದೆ ಜ್ವರ ಬರುತ್ತಿತ್ತು. ಬಾಗಿಲು ಹಾಕಿಕೊಂಡು, ಕಂಬಳಿ ಹೊದ್ದು, ನಡುಗುತ್ತಾ ಮಲಗಿರುತ್ತಿದ್ದಳು. "ಅಮ್ಮಂಗೆ ಫ್ಲೂ" ಎನ್ನುತ್ತಿದ್ದಳು ಬತೂಲ್. ನಾವು ಕಿತ್ತಳೆ ಹಣ್ಣು ಕಳಿಸುತ್ತಿದ್ದೆವು. ಹನ್ನೊಂದು ವರ್ಷ ಕಿತ್ತಳೆ ಕಳಿಸಿದ್ದೇವೆ. ಒಂದು ವರ್ಷವೂ ಯಾರೂ ಕ್ಯಾಲೆಂಡರ್ ನೋಡಲಿಲ್ಲ.

ನಾಟಕದ ದಿನ ಗೊತ್ತುಮಾಡಿದ್ದು ಹಮ್ಮಾದಿ. "ಶುಕ್ರವಾರದಿಂದ ನಲವತ್ತು ಶುರು. ಶನಿವಾರ ಆಡಿಸ್ಬಿಡೋಣ," ಎಂದ. "ಲಲ್ಲಾ ಬಾಯಿಂದ ವಾಸನೆ ಬರಲ್ಲ, ಹೆಜ್ಜೆ ತಪ್ಪಲ್ಲ. ಇನ್ನೂ ತಡ ಮಾಡಿದ್ರೆ ಆ ಹಾಳು ಫ್ಲೂ ಬಂದ್ಬಿಡತ್ತೆ. ಹೆಂಗೆ ನನ್ ತಲೆ?"

"ಭೇಷ್ ಕಣೋ," ಎಂದೆ ನಾನು.

(ಇಲ್ಲಿ ಲೇಖಕ ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡ ಎಂದು ಬರೆದರೆ ತೀರಾ ನಾಟಕೀಯವಾದೀತು. ಹೊಡೆದುಕೊಂಡದ್ದು ನಿಜ. ಆದರೆ ಅದು ಆಸ್ಪತ್ರೆಯಲ್ಲಿ, ಎಲ್ಲ ಆದ ಮೇಲೆ.)

೪.

ಡ್ರಾಫ್ಟ್ ಮೂರು. (ಎರಡು ಎಲ್ಲಿ ಎಂದು ಕೇಳಬೇಡಿ. ಅದರಲ್ಲಿ ನಾನು ಒಳ್ಳೆಯವನಾಗಿದ್ದೆ.)

ಮೂರನೆಯ ದೃಶ್ಯ. ಹಾಡುಗಾರ್ತಿ ಲೋಟವನ್ನು ಮೇಜಿನ ಮೇಲಿಟ್ಟು, "ಇನ್ನು ಸಾಕು" ಎಂದು ಕುರ್ಚಿಯಲ್ಲಿ ಕೂರಬೇಕು. ನಾನು ಬರೆದದ್ದು ಅಷ್ಟೇ. ಯಾಮ್ನಾ ಲೋಟ ಇಟ್ಟಳು. "ಇನ್ನು" ಎಂದಳು. ಕಣ್ಣು ಮೇಲಕ್ಕೆ ಹೋಯಿತು, ಮೈ ಹಲಗೆಯಂತೆ ಸೆಟೆಯಿತು, ನಿಂತಲ್ಲೇ ಧೊಪ್ಪೆಂದು ಬಿದ್ದಳು. ಹಿಮ್ಮಡಿಗಳು ವೇದಿಕೆಗೆ ಪಟಪಟ ಬಡಿಯತೊಡಗಿದವು. ಬಾಯಲ್ಲಿ ನೊರೆ, ನೊರೆಯಲ್ಲಿ ಕೆಂಪು.

ನಾನು ವೇದಿಕೆಯ ಪಕ್ಕದಲ್ಲೇ, ಲೈಟ್ ಬೋರ್ಡಿನ ಮುಂದೆ ಇದ್ದೆ. ಯಾಮ್ನಾ ಸ್ಕ್ರಿಪ್ಟ್ ಬಿಟ್ಟು ಆಚೆ ಹೋಗುವುದು ಹೊಸದೇನಲ್ಲ. ಅವಳು ಎಲ್ಲಿಗೆ ಹೋದರೂ ಬೆಳಕು ಹಿಂದೆ ಹೋಗಬೇಕು ಎಂದು ನಮ್ಮಿಬ್ಬರಲ್ಲಿ ಒಪ್ಪಂದ. ಉಳಿದ ಲೈಟುಗಳನ್ನೆಲ್ಲ ಇಳಿಸಿದೆ. ಒಂದೇ ಒಂದು ಬಿಳಿ ಬೆಳಕನ್ನು ಅವಳ ಮೇಲೆ ಬಿಟ್ಟೆ. ಮುಖದ ಮೇಲೆ ಸರಿಯಾಗಿ ಕೂರಲಿಲ್ಲ ಎಂದು ಸ್ವಲ್ಪ ಎಡಕ್ಕೆ ಸರಿಸಿದೆ ಕೂಡ.

ಎರಡನೆಯ ಸಾಲಿನಲ್ಲಿ ಬತೂಲ್ ಎದ್ದು ಕಿರುಚಿದಳು. "ಅಮ್ಮಾ! ನಿಲ್ಸಿ! ಯಾರಾದ್ರೂ ನಿಲ್ಸ್ರೀ!" ಜನ ತಿರುಗಿ ನೋಡಿದರು. ಪಕ್ಕದಲ್ಲಿದ್ದ ಹೆಂಗಸು ಗಂಡನಿಗೆ ಹೇಳಿದ ಮಾತನ್ನು ಬತೂಲ್ ಆಮೇಲೆ ನನಗೆ ಹೇಳಿದಳು: "ನೋಡ್ರೀ, ಇವ್ಳೂ ನಾಟಕದವ್ಳೇ! ನಮ್ ಮಧ್ಯೆನೇ ಕೂರ್ಸಿದಾರೆ!"

ಚಪ್ಪಾಳೆ ಶುರುವಾಯಿತು. ಜನ ಎದ್ದು ನಿಂತು ಹೊಡೆದರು. ಬತೂಲ್ ಕುರ್ಚಿ ಹತ್ತಿ ಇಳಿದು ವೇದಿಕೆಗೆ ಓಡಿದಾಗ ಅದಕ್ಕೂ ಹೊಡೆದರು. ಅವಳು ತಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸಭೆಗೆ ಬಾಯಿಗೆ ಬಂದಂತೆ ಬೈದಾಗ ಮಾತ್ರ ಒಂದೊಂದೇ ಕೈ ನಿಂತಿತು. ಅಲ್ಲಿಯವರೆಗೆ ಯಾರಿಗೂ ಗೊತ್ತಾಗಲಿಲ್ಲ. ನನಗೂ ಗೊತ್ತಾಗಲಿಲ್ಲ.

೫.

"ಇಷ್ಟು ವರ್ಷ ಕುಡಿದವರು ಒಂದೇ ಏಟಿಗೆ ನಿಲ್ಸಬಾರ್ದು," ಎಂದಳು ಆಸ್ಪತ್ರೆಯ ಡಾಕ್ಟರ್. ಚಿಕ್ಕ ವಯಸ್ಸಿನವಳು, ಸಿಟ್ಟಿನಲ್ಲಿದ್ದಳು. "ಇಲ್ಲಿಗೆ ಕರ್ಕೊಂಡ್ ಬಂದು, ಔಷಧಿ ಕೊಟ್ಟು, ನಮ್ ಕಣ್ಣೆದುರಿಗೆ ನಿಲ್ಲಿಸ್ಬೇಕು. ಯಾರ್ರೀ ಇವ್ರಿಗೆ ಹೀಗೆ ನಿಲ್ಸಕ್ಕೆ ಹೇಳಿದ್ದು?"

"ಯಾರೂ ಹೇಳ್ಲಿಲ್ಲ ಡಾಕ್ಟ್ರೇ," ಎಂದ ಹಮ್ಮಾದಿ. "ನಲವತ್ತು ಶುರುವಾಯ್ತಲ್ಲ."

ಅವಳೂ ಈ ಊರಿನವಳೇ. "ನಮ್ ಮಾವನೂ ಹಾಗೇ ಮಾಡ್ತಾರೆ," ಎಂದಳು ಮೆಲ್ಲಗೆ. ಆಮೇಲೆ ಮತ್ತೆ ಡಾಕ್ಟರ್ ಆದಳು. "ಮತ್ತೆ ಕುಡಿದು, ಮತ್ತೆ ಹೀಗೇ ನಿಲ್ಸಿದ್ರೆ, ಮುಂದಿನ್ ಸಲ ಎದ್ದೇಳದೇ ಇರ್ಬಹುದು. ಬರ್ಕೊಳ್ಳಿ."

ಬರೆದುಕೊಂಡೆ. ನನಗೆ ಬರುವುದು ಅದೊಂದೇ.

ಮೂರನೆಯ ದಿನ ಯಾಮ್ನಾ ನೆಟ್ಟಗೆ ಮಾತಾಡಿದಳು. ಕಚ್ಚಿಕೊಂಡ ನಾಲಿಗೆ ಊದಿತ್ತು. ಯಾರೋ ಮೊಬೈಲಿನಲ್ಲಿ ಹಿಡಿದಿದ್ದ ವಿಡಿಯೋ ಅವಳ ಕಣ್ಣಿಗೆ ಬೀಳದಂತೆ ಬತೂಲ್ ಕಾದಿದ್ದಳು. ಆದರೆ ನರ್ಸ್‌ಗಳ ಬಾಯಿ ಕಾಯಲು ಯಾರಿಂದಾಗುತ್ತದೆ?

"ಮಿಲೂದ್, ಜನ ಎದ್ದು ನಿಂತಿದ್ರಂತೆ. ನಿಜವೇನೋ?"

ನಿಜ ಎಂದೆ. ಅವಳು ಗೋಡೆಯ ಕಡೆ ಹೊರಳಿ ಅತ್ತಳು. ನಾನು ಅದನ್ನು ನೋವು ಎಂದುಕೊಂಡೆ.

೬.

ಆ ವಿಡಿಯೋವನ್ನಷ್ಟೇ ನೋಡಿ, ಅದೂ ನಟನೆಯೇ ಎಂದುಕೊಂಡು ಸ್ಥಳೀಯ ಪತ್ರಿಕೆ "ಮೈ ಜುಮ್ಮೆನ್ನುವ ದೃಶ್ಯ" ಎಂದು ಬರೆಯಿತು. ಕರಾವಳಿಯ ಊರೊಂದರ ನಾಟಕೋತ್ಸವದಿಂದ ಕರೆ ಬಂತು. ಹಬ್ಬ ಕಳೆದ ಮೂರನೆಯ ವಾರ, ಇಪ್ಪತ್ತೆರಡನೇ ತಾರೀಕು, ಬೀಳುವ ದೃಶ್ಯ ಇರಲೇಬೇಕಂತೆ. "ಬಿದ್ದ ಹಾಗೆ ಮಾಡ್ಲಿ. ನಟಿ ಅಲ್ವಾ?" ಎಂದ ಹಮ್ಮಾದಿ. ತಾಲೀಮಿನಲ್ಲಿ ಯಾಮ್ನಾ ಬಿದ್ದಳು. ಮೊದಲು ಕೈ ಊರಿ, ಆಮೇಲೆ ಸೊಂಟ ಇಳಿಸಿ. ಬಚ್ಚಲಲ್ಲಿ ಜಾರಿದ ಹಾಗಿತ್ತು. ಹಮ್ಮಾದಿ ಬಾಯಿ ತೆರೆಯುವ ಮೊದಲೇ ಅವಳೇ ಎದ್ದು, "ಥೂ, ಇದು ಅದಲ್ಲ," ಎಂದಳು.

ಉಪವಾಸದ ತಿಂಗಳು ಕಳೆಯಿತು. ಯಾಮ್ನಾ ಒಂದು ಹನಿ ಮುಟ್ಟಿರಲಿಲ್ಲ. ಮುಖಕ್ಕೆ ಕಳೆ ಬಂದಿತ್ತು, ಬತೂಲ್ ನಗುತ್ತಿದ್ದಳು. ಕಥೆ ಇಲ್ಲೇ ನಿಲ್ಲಿಸಿದ್ದರೆ ಎಷ್ಟು ಚೆನ್ನಾಗಿತ್ತು! ಹಬ್ಬದ ಎರಡನೆಯ ದಿನ ಮಧ್ಯಾಹ್ನ, ಅಂದರೆ ಇವತ್ತು, ಈ ಅಡುಗೆಮನೆಯಲ್ಲಿ, ಹಿಟ್ಟು ನಾದುತ್ತಾ ಅವಳು ಹೇಳಿದಳು:

"ಅಂಗಡಿ ಇನ್ ಮೂರ್ ದಿನಕ್ಕೆ ತೆಗೀತಾರೆ. ಅವತ್ತಿಂದ ಕುಡೀತೀನಿ, ಮೊದಲಿನ್ ಹಾಗೇ. ಇಪ್ಪತ್ತನೇ ತಾರೀಕು ನಿಲ್ಲಿಸ್ತೀನಿ. ಇಪ್ಪತ್ತೆರಡಕ್ಕೆ ಸರಿಯಾಗತ್ತೆ ನೋಡು."

ಹಿಟ್ಟಿನ ಬೆರಳು ಮಡಚಿ ಎಣಿಸಿ ತೋರಿಸಿದಳು.

ನನ್ನ ಬಾಯಲ್ಲಿದ್ದ ಎಳ್ಳಿನ ಬಿಸ್ಕತ್ತನ್ನು ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

"ಲಲ್ಲಾ! ಡಾಕ್ಟ್ರು ಏನಂದ್ರು? ಮುಂದಿನ್ ಸಲ..."

"ಎದ್ದೇಳದೇ ಇರ್ಬಹುದು. ಗೊತ್ತು. ಇರ್ಬಹುದು ಅಂದ್ರು. ಏಳಲ್ಲ ಅಂದ್ರಾ?"

"ಯಾಕೆ ಲಲ್ಲಾ? ಯಾತಕ್ಕೆ?"

"ಮೂವತ್ತೈದ್ ವರ್ಷ ಹಾಡಿದೀನಿ. ಮದುವೆಮನೇಲಿ ತಿಂತಾ ತಿಂತಾ ಕೇಳೋರು. ಮೂಳೆ ಚೀಪ್ತಾ ಕೇಳೋರು. ಒಬ್ಬನಾದ್ರೂ ಎದ್ ನಿಂತಿರ್ಲಿಲ್ಲ. ನಿಂತ ದಿನ ನಾನೇ ಇರ್ಲಿಲ್ಲ ಕಣೋ ಅಲ್ಲಿ!"

"ಆಗ್ಲೂ ನೀವಿರಲ್ಲ. ಪ್ರಜ್ಞೆ ಎಲ್ಲಿರತ್ತೆ?"

"ಬೀಳೋ ಮುಂಚೆ ಇರ್ತೀನಲ್ಲ. ಈ ಸಲ ಗೊತ್ತಿದ್ದು ಬೀಳ್ತೀನಿ."

೭.

ಕೊನೆಗಳು. ಒಂದಾದರೂ ಅವಳಿಗೆ ಹಿಡಿಸಲಿ ಎಂದು ಅಲ್ಲೇ ಕೂತು ಬರೆದು ಅಲ್ಲೇ ಓದಿದೆ.

(ಅ) ಯಾಮ್ನಾ ಕುಡಿಯುವುದಿಲ್ಲ. ಬಿಸಿಲಿಗೆ ಕೂತು ಮೊಮ್ಮಗುವಿಗೆ ಹಾಡು ಹೇಳಿಕೊಡುತ್ತಾಳೆ.

"ನಂಗೆಲ್ಲಿದೆ ಮೊಮ್ಮಗು?"

"ಬತೂಲ್‌ಗೆ ಮದುವೆ ಮಾಡ್ಸಿದೀನಿ, ಡ್ರಾಫ್ಟ್‌ನಲ್ಲಿ."

"ನನ್ನನ್ನೂ ಕೇಳ್ದೆ? ಅವಳನ್ನೂ ಕೇಳ್ದೆ? ಗಂಡು ಯಾರಪ್ಪ, ನೀನೇನಾ?"

(ಆ) ಇಪ್ಪತ್ತೆರಡನೇ ತಾರೀಕು. ಯಾಮ್ನಾ ಬೀಳುತ್ತಾಳೆ. ಇಡೀ ಸಭೆ ಎದ್ದು ನಿಲ್ಲುತ್ತದೆ. ಅವಳು ಏಳುವುದಿಲ್ಲ. (ಹೆದರಿಸಲು ಬರೆದದ್ದು. ದೇವರಾಣೆ ಹೆದರಿಸಲು.)

"ಇದು ಚೆನ್ನಾಗಿದೆ," ಎಂದಳು.

ಆ ಹಾಳೆಯನ್ನು ಚೂರು ಚೂರು ಮಾಡಿದೆ.

"ಹರಿದ್ರೇನು? ಕೇಳಿದ್ ಮೇಲೆ ನಾನ್ ಮರೆಯಲ್ಲ."

(ಇ) ಲೈಟ್ ಬಿಡುವವನು ಅವತ್ತು ಬರುವುದೇ ಇಲ್ಲ. ವೇದಿಕೆ ಕತ್ತಲು.

"ಹಮ್ಮಾದಿ ಬೇರೆಯವನನ್ನ ಕರ್ಕೊಂಡ್ ಬರ್ತಾನೆ. ನೀನೇನು ಸೂರ್ಯನಾ?"

೮.

ಹಾಗಾದರೆ ಉಳಿದದ್ದು ಒಂದೇ. ನಾಲ್ಕನೆಯ ಭಾಗಕ್ಕೆ ಹಿಂತಿರುಗಬೇಕು. ಅಲ್ಲಿ "ನನಗೂ ಗೊತ್ತಾಗಲಿಲ್ಲ" ಎಂದು ಬರೆದಿದ್ದೇನೆ. ಸುಳ್ಳು. ಓದುಗರೇ, ಮೂರು ಡ್ರಾಫ್ಟಿನಲ್ಲೂ ಸುಳ್ಳು.

ನಾಟಕದ ಸಾಮಾನು ಪಟ್ಟಿ ಮಾಡುವವನೂ ನಾನೇ. ಒಂದು ಮೇಜು, ಒಂದು ಕುರ್ಚಿ, ಒಂದು ಲೋಟ, ತಣ್ಣಗಿನ ಚಹಾ. ರಕ್ತದ ಬಣ್ಣ ಆ ಪಟ್ಟಿಯಲ್ಲಿ ಇರಲಿಲ್ಲ. ಬಾಯಲ್ಲಿ ಕೆಂಪು ಕಂಡ ಕೂಡಲೇ ನನಗೆ ತಿಳಿಯಿತು, ಬತೂಲ್ ಕಿರುಚುವುದಕ್ಕೂ ಮೊದಲು. ಸಭಾಂಗಣದ ಲೈಟುಗಳ ಸ್ವಿಚ್ ನನ್ನ ಎಡಗೈ ಪಕ್ಕದಲ್ಲೇ ಇತ್ತು. ಒತ್ತಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಒತ್ತಲಿಲ್ಲ. ಜನ ಉಸಿರು ಬಿಗಿಹಿಡಿದಿದ್ದರು. ನಾನು ಬರೆದ ಯಾವ ನಾಟಕಕ್ಕೂ ಯಾರೂ ಹಾಗೆ ಉಸಿರು ಹಿಡಿದಿರಲಿಲ್ಲ. ಇನ್ನು ಸ್ವಲ್ಪ ಹೊತ್ತು ಇರಲಿ ಅನ್ನಿಸಿತು. ಬೆಳಕನ್ನು ಎಡಕ್ಕೆ ಸರಿಸಿದ್ದು ಆಗಲೇ, ಗೊತ್ತಾದ ಮೇಲೆ. ಇದನ್ನು ಬರೆಯುವಾಗ ನನಗೇ ನನ್ನ ಬಗ್ಗೆ ಹೇಸಿಗೆಯಾಗುತ್ತಿದೆ, ನಾನು ಇಂಥವನು ಎಂದು ನನಗೆ ಗೊತ್ತಿರಲಿಲ್ಲ.

ಇದನ್ನೂ ಅವಳಿಗೆ ಓದಿದೆ. ಅವಳು ನನ್ನ ಮುಖಕ್ಕೆ ಉಗಿಯಲಿ, ನಿನ್ನ ನಾಟಕಕ್ಕೆ ಬೆಂಕಿ ಬೀಳಲಿ ಎಂದು ಬಾಗಿಲು ತೋರಿಸಲಿ, ಇಪ್ಪತ್ತೆರಡಕ್ಕೆ ಬರುವುದಿಲ್ಲ ಎನ್ನಲಿ. ಬದುಕಲಿ. ಅದಕ್ಕೇ ಓದಿದ್ದು.

ಯಾಮ್ನಾ ನಾದುವುದನ್ನು ನಿಲ್ಲಿಸಿದಳು. ಕೈಗಂಟಿದ ಹಿಟ್ಟನ್ನು ಒಂದೊಂದೇ ಬೆರಳಿನಿಂದ ಬಿಡಿಸಿಕೊಂಡಳು. ಕುರ್ಚಿ ಎಳೆದುಕೊಂಡು ನನ್ನ ಹತ್ತಿರ ಕೂತಳು. ಪಕ್ಕದ ಕೋಣೆಗೆ ಬತೂಲ್ ಆಗಷ್ಟೇ ಬಂದಿದ್ದಳು, ಅವಳಿಗೆ ಕೇಳಿಸಬಾರದೆಂದು ದನಿ ತಗ್ಗಿಸಿದಳು.

"ಹತ್ತಿರದಿಂದ ನೋಡ್ದೋನು ನೀನೊಬ್ನೇ ಅಲ್ವಾ? ನಿಜ ಹೇಳು. ಮುಖ ಚೆನ್ನಾಗಿ ಕಾಣ್ತಿತ್ತಾ?"

೯.

ಹೌದು ಎಂದರೆ ಅವಳು ಮೂರು ದಿನಕ್ಕೆ ಅಂಗಡಿಯ ಮುಂದೆ ನಿಲ್ಲುತ್ತಾಳೆ. ಇಲ್ಲ ಎಂದರೆ ಈ ಸಲ ಇನ್ನೂ ಚೆನ್ನಾಗಿ ಬೀಳುತ್ತೇನೆ ಎನ್ನುತ್ತಾಳೆ. ಈ ಕಥೆಗೆ ಕೊನೆ ಕೊಟ್ಟರೆ ಎರಡರಲ್ಲಿ ಒಂದನ್ನು ಕೊಡಬೇಕು. ಕೊಡುವುದಿಲ್ಲ. ನೀವು ಎಷ್ಟೇ ಬೈದುಕೊಳ್ಳಿ. ಇಪ್ಪತ್ತನೇ ತಾರೀಕಿನ ಲೆಕ್ಕ ಇನ್ನೂ ಗೊತ್ತಿಲ್ಲದವಳು ಈ ಮನೆಯಲ್ಲಿ ಒಬ್ಬಳಿದ್ದಾಳೆ.

"ಬತೂಲ್!" ಎಂದು ಜೋರಾಗಿ ಕೂಗಿದೆ. "ಬತೂಲ್, ಇಲ್ಲಿ ಬಾ!"

ಯಾಮ್ನಾ ನನ್ನ ಮಣಿಕಟ್ಟು ಹಿಡಿದಳು. "ಅವಳ್ಯಾಕೋ? ನಾನ್ ಕೇಳಿದ್ದಕ್ಕೆ ಹೇಳು!"

ಬತೂಲ್ ಬಾಗಿಲಿಗೆ ಬಂದು ನಿಂತಿದ್ದಾಳೆ. "ಏನು? ಏನಾಯ್ತು?" ಎನ್ನುತ್ತಿದ್ದಾಳೆ. ಇಬ್ಬರೂ ನನ್ನ ಬಾಯಿಯನ್ನೇ ನೋಡುತ್ತಿದ್ದಾರೆ.