ಎಡಗಡೆಯದು ಒಂಚೂರು ಮುಂದೆ

"ಎಡಗಡೆಯದು ಒಂಚೂರು ಮುಂದೆ," ಎಂದ ಸತ್ತವನ ಹಳೆಯ ಗೆಳೆಯ ಹೆನಿಂಗ್. ಚರ್ಚಿನ ಬಾಗಿಲಲ್ಲಿ ಶವಪೆಟ್ಟಿಗೆ ಓರೆಯಾಗಿ ಸಿಕ್ಕಿಕೊಂಡಿತ್ತು. ಹೊತ್ತಿದ್ದ ಆರು ಜನರಲ್ಲಿ ಯಾರೋ ಹಿಂದಿನಿಂದ ಕಿಸಕ್ಕನೆ ನಕ್ಕು, ಕೆಮ್ಮಿ ಮರೆಮಾಚಿದರು.

ಎಡಗಡೆ ಮುಂದೆ ಹಿಡಿದಿದ್ದವಳು ಸತ್ತವನ ಮಗಳು ತೋವೆ. ಅವಳಿಗೆ ನಗು ಬರಲಿಲ್ಲ. ಆ ಮಾತು ಅವಳಪ್ಪ ವಿಗ್ಗೋನದು. ಯೂಟ್ಲೆಂಡ್ ಸೀಮೆಯ ಆ ಪುಟ್ಟ ಊರಿನ ಸ್ಪೀಕರ್ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಕೂತು ಕೇಳುವುದೇ ಅವನ ಕೆಲಸ. ಅವನು ತಲೆಯಾಡಿಸಿದರೆ ಮಾತ್ರ ಸ್ಪೀಕರ್ ಹೊರಗೆ ಹೋಗುತ್ತಿತ್ತು. ನಿವೃತ್ತನಾದ ಮೇಲೆ ಸೈಕಲ್ ತುಳಿದುಕೊಂಡು ಹೋಗಿ ಊರವರ ಮನೆಗಳಲ್ಲಿ ಸ್ಪೀಕರ್ ಕೂರಿಸಿಕೊಡುತ್ತಿದ್ದ. ಗೋಡೆಯಿಂದ ಇಷ್ಟು, ಕುರ್ಚಿಯಿಂದ ಇಷ್ಟು. ಕಣ್ಣು ಮುಚ್ಚಿ ಕೇಳಿದರೆ ಹಾಡುವವಳು ಎರಡರ ನಟ್ಟನಡುವೆ ಬಂದು ನಿಂತಂತಿರಬೇಕು. ಆಮೇಲೆ ನೆಲಕ್ಕೆ ಬಿಳಿ ಟೇಪಿನ ಗುರುತು, ಅದರ ಮೇಲೆ ಪೆನ್ಸಿಲಿನಲ್ಲಿ ತಾರೀಖು.

ಮಣ್ಣು ಮುಗಿದ ಮೇಲೆ ಚರ್ಚಿನ ಪಕ್ಕದ ಸಭಾಂಗಣದಲ್ಲಿ ಎಲ್ಲರೂ ಕಾಫಿಗೆ ಕೂತರು.

"ನಮ್ಮನೇಲಿ ಎಡಗಡೆ ಸ್ಪೀಕರ್ ಮೇಜಿಗೇ ತಾಗ್ತಿತ್ತು ಕಣಮ್ಮ," ಎಂದಳು ಹೆನಿಂಗನ ಹೆಂಡತಿ ಗೆರ್ಡಾ. "ನಿಮ್ಮಪ್ಪ ಗೇಟು ದಾಟಿದ ತಕ್ಷಣ ಇವ್ರು ಹಿಂದಕ್ಕೆ ತಳ್ಳೋರು."

"ಮತ್ತೆ ಅವನು ಬರ್ತಾನೆ ಅಂದ್ರೆ ಗುರುತಿಗೆ ತಂದಿಡೋದು," ಹೆನಿಂಗ್ ನಕ್ಕ. "ಸೈಕಲ್ ಬೆಲ್ ಕೇಳಿಸಿದ್ರೆ ಸಾಕು, ಬೀದೀಲಿ ಎಲ್ಲಾ ಮನೇಲೂ ದರದರ ಎಳೆಯೋ ಸದ್ದು. ಹೋದ ತಿಂಗಳೂ ಬಂದು ಅದನ್ನೇ ಅಂದ, ಪಾಪ."

"ಅಪ್ಪಂಗೆ ಎಡಗಿವಿ ಹೋಗಿದೆ ಅಂತ ಎಲ್ರಿಗೂ ಗೊತ್ತಿತ್ತು ಹಾಗಾದ್ರೆ," ಎಂದಳು ತೋವೆ.



"ಗೊತ್ತಿಲ್ದೆ ಏನಮ್ಮ," ಎಂದಳು ಗೆರ್ಡಾ. "ಕಿವಿ ಬಿಟ್ರೆ ಅವನಿಗೆ ಇನ್ನೇನಿತ್ತು ಹೇಳು? ಯಾವ ಬಾಯಲ್ಲಿ ಹೇಳೋದು?"

"ನಾನು ಹೇಳ್ದೆ."

"ಹೂಂ, ನೀನು ಹೇಳ್ದೆ." ಹೆನಿಂಗ್ ಕಪ್ಪನ್ನೇ ನೋಡುತ್ತಿದ್ದ. "ಹೇಳಿದ್ದು ತಪ್ಪಲ್ಲ ಮಗಳೇ. ಆದ್ರೆ ಹಾಗೆ ಹೇಳ್ಬಾರ್ದಿತ್ತು."

*

ಎಂಟು ವರ್ಷದ ಹಿಂದೆ, ಮಾರ್ಚ್ ಒಂಬತ್ತು. ವಿಗ್ಗೋನ ಎಪ್ಪತ್ತನೇ ಹುಟ್ಟುಹಬ್ಬಕ್ಕೆ ಕಾರ್ಖಾನೆಯ ಗೆಳೆಯರೆಲ್ಲ ಸೇರಿದ್ದರು. ಡಾಕ್ಟರ ಹತ್ತಿರ ಬಾ ಎಂದು ವರ್ಷವಿಡೀ ಅಂಗಲಾಚಿ ಸೋತಿದ್ದ ತೋವೆ, ಅವತ್ತು ಎಡಗಡೆ ಸ್ಪೀಕರಿನ ತಂತಿಯನ್ನು ಯಾರಿಗೂ ಕಾಣದಂತೆ ಕಿತ್ತಿಟ್ಟಳು.

ವಿಗ್ಗೋ ಕಣ್ಣು ಮುಚ್ಚಿ ಕೂತ. ಹಾಡು ಶುರುವಾಯಿತು.

"ಎಡಗಡೆಯದು ಒಂಚೂರು ಮುಂದೆ."

ತೋವೆ ಎಳೆದಳು.

"ಇನ್ನೊಂಚೂರು."

ಉಸಿರೇ ಇಲ್ಲದ ಆ ಸ್ಪೀಕರನ್ನು ಅವಳು ಮತ್ತೆ ಎಳೆದಳು.

"ಹಾಂ, ಈಗ ಸರಿ ಬಂತು ನೋಡಿ. ನಟ್ಟನಡುವೆ ನಿಂತಿದಾಳೆ!"

ಅವನು ಕಣ್ಣು ತೆರೆದಾಗ ಮಗಳ ಕೈಯಲ್ಲಿ ತಂತಿಯ ತುದಿಯಿತ್ತು. ಯಾರಾದರೂ ನಕ್ಕುಬಿಟ್ಟಿದ್ದರೆ ಚೆನ್ನಾಗಿತ್ತು, ಯಾರೂ ನಗಲಿಲ್ಲ.

"ಈಗ ಕಿತ್ತಿದ್ದೀಯ ಅದನ್ನ," ಎಂದ ವಿಗ್ಗೋ. "ಸುಳ್ಳುಬುರುಕಿ. ಇನ್ನು ಈ ಮನೆ ಮೆಟ್ಟಿಲು ಹತ್ತಬೇಡ."

ಅವಳು ಹತ್ತಲಿಲ್ಲ. ಪ್ರತಿ ಕ್ರಿಸ್‌ಮಸ್‌ಗೂ ಪತ್ರ ಬರೆದಳು, ಉತ್ತರ ಬರಲಿಲ್ಲ. ನೀನು ಹೇಳಿದ್ದು ನಿಜ ಕಣೇ ಎಂದು ಅಪ್ಪ ಒಂದೇ ಒಂದು ಸಲ ಅಂದಿದ್ದರೆ ಅವಳಿಗೆ ಅಷ್ಟೇ ಸಾಕಿತ್ತು.

*

ಹೆನಿಂಗ್ ತೋವೆಗೆ ಅವಳಪ್ಪನ ಮನೆಯ ಬೀಗದಕೈ ಕೊಟ್ಟ. "ಆ ಹುಟ್ಟುಹಬ್ಬ ಆದ್ಮೇಲೆ ಹಾಡು ಕೇಳೋ ಕೋಣೆಗೆ ನಮ್ಮನ್ಯಾರನ್ನೂ ಬಿಡ್ಲಿಲ್ಲ ಅವನು. ನೀನೇ ನೋಡಮ್ಮ."

ಕೋಣೆಯಲ್ಲಿ ಕುರ್ಚಿ ಇದ್ದಲ್ಲೇ ಇತ್ತು. ಎಡಗಡೆ ಸ್ಪೀಕರ್ ಮಾತ್ರ ಅದರ ಜಾಗದಲ್ಲಿರಲಿಲ್ಲ. ತೋವೆ ಬಲಕ್ಕೆ ತಿರುಗಿದಳು. ಎರಡು ಸ್ಪೀಕರೂ ಅಲ್ಲೇ, ಒಂದಕ್ಕೊಂದು ಅಂಟಿಕೊಂಡು, ಕುರ್ಚಿಯಲ್ಲಿ ಕೂತವನ ಬಲಗಿವಿಗೆ ಮುಖಮಾಡಿ ನಿಂತಿದ್ದವು.

ಅವುಗಳ ಕೆಳಗೆ ನೆಲದ ಮೇಲೆ ಬಿಳಿ ಟೇಪು. ಕರಿ ಕೋಟಿನಲ್ಲೇ ಮಂಡಿಯೂರಿ, ಬೆರಳಿನಿಂದ ಧೂಳು ಒರೆಸಿ, ಅವಳು ಅಪ್ಪನ ಪೆನ್ಸಿಲ್ ಬರಹ ಓದಿದಳು. ಮಾರ್ಚ್ ಹದಿಮೂರು. ಅದೇ ವರ್ಷ.

ಆ ಹುಟ್ಟುಹಬ್ಬ ಕಳೆದು ನಾಲ್ಕೇ ದಿನ.

ಸಿಟ್ಟು ಉಕ್ಕಿ ಬಂತು. ಆದರೆ ಬೈಯುವುದಕ್ಕೆ ಯಾರೂ ಉಳಿದಿರಲಿಲ್ಲ. ತೋವೆ ಎದ್ದು ಕುರ್ಚಿಯಲ್ಲಿ ಕೂತಳು. ಎಡಗಡೆ ಗೋಡೆಯವರೆಗೂ ಏನೂ ಇರಲಿಲ್ಲ, ಹಳೆಯ ಟೇಪಿನ ನಾಲ್ಕು ಮೂಲೆ ಮತ್ತು ಅವುಗಳ ನಡುವೆ ಸ್ಪೀಕರಿನಡಿ ವರ್ಷಗಟ್ಟಲೆ ಬಿಸಿಲು ತಾಗದೆ ಇನ್ನೂ ಕಪ್ಪಗೇ ಉಳಿದ ಒಂದು ಚೌಕ ಮರದ ನೆಲ ಬಿಟ್ಟರೆ.